ಮೂರನೇ ವಾರದ ಬುತ್ತಿ: ಸಭೆಯಲ್ಲಿ ಒಬ್ಬರಿಗೊಬ್ಬರು ಆಸರೆಯಾಗುವುದು ಹೇಗೆ

ನಮ್ಮ ಅಪ್ಪ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ 26 ದಿನ ಇದ್ದರು. ಮೊದಲ ವಾರ ನಮ್ಮ ಕ್ರೈಸ್ತ ಸಭೆಯವರು ಸಾಲುಗಟ್ಟಿ ಬಂದರು. ಅಯ್ಯನವರು, ಅಂದರೆ ನಮ್ಮ ಪಾಸ್ಟರು, ಬಂದು ಪ್ರಾರ್ಥನೆ ಮಾಡಿದರು. ಸ್ತ್ರೀಯರ ಕೂಟದವರು ಬಂದು ಮೆಲ್ಲಗೆ ಹಾಡು ಹೇಳಿದರು. ಮಂಚದ ಕೆಳಗೆ ಬಾಳೆಹಣ್ಣು, ಎಳನೀರು, ಬಿಸ್ಕಿಟ್ ಪುಡಿಕೆ ತುಂಬಿಹೋದವು. ಎರಡನೇ ವಾರ ಮೂರ್ನಾಲ್ಕು ಮಂದಿ ಬಂದರು. ಮೂರನೇ ವಾರ ಯಾರೂ ಬರಲಿಲ್ಲ. ಅದೇ ವಾರ ಕೈಯಲ್ಲಿದ್ದ ದುಡ್ಡು ಮುಗಿಯಿತು. ಅದೇ ವಾರ ಅವ್ವನಿಗೆ ಜ್ವರ ಬಂತು.

ಒಂದು ರಾತ್ರಿ ವರಾಂಡದಲ್ಲಿ ಚಾಪೆ ಮೇಲೆ ಕೂತು ಅವ್ವ, "ಯಾರರೆ ಒಂದು ಬಿಸಿ ರೊಟ್ಟಿ ತಂದಿದ್ರ ಸಾಕಿತ್ತು ನೋಡು" ಅಂದಳು. ಆ ಮಾತು ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ.

ಸಭೆಯವರಿಗೆ ನಮ್ಮ ಮೇಲೆ ಪ್ರೀತಿ ಇತ್ತು. ಪ್ರತಿ ರವಿವಾರ ಅಪ್ಪನ ಹೆಸರು ಹೇಳಿ ಪ್ರಾರ್ಥಿಸುತ್ತಿದ್ದರು. ಆದರೆ ಎಲ್ಲರೂ "ಬೇರೆ ಯಾರಾದರೂ ಹೋಗಿರ್ತಾರೆ" ಅಂದುಕೊಂಡಿದ್ದರು. ಯಾವ ದಿನ ಯಾರು ಹೋಗಬೇಕು ಎಂದು ಯಾರಿಗೂ ಯಾರೂ ಹೇಳಿರಲಿಲ್ಲ. ಅಷ್ಟೇ ಆಗಿದ್ದದ್ದು.

ಅಪ್ಪ ಗುಣವಾಗಿ ಮನೆಗೆ ಬಂದ ಮೇಲೆ ನಾವು ಕೆಲವರು ಕೂತು ಮಾತಾಡಿದೆವು. ಆಮೇಲೆ ನಿಧಾನವಾಗಿ ಒಂದು ಪದ್ಧತಿ ರೂಢಿಯಾಯಿತು. ನಿಮ್ಮದು ಧಾರವಾಡದ ದೊಡ್ಡ ಸಭೆ ಇರಬಹುದು, ಹಾವೇರಿ ಕಡೆ ಹದಿನೈದು ಮನೆಯ ಚಿಕ್ಕ ಸಭೆ ಇರಬಹುದು, ಗದಗ-ಬೆಟಗೇರಿಯ ಕಥೋಲಿಕ ಸಭೆಯೇ ಇರಬಹುದು. ಎಲ್ಲಿಯೂ ಇದನ್ನು ಮಾಡಬಹುದು. ಖರ್ಚು ಹೆಚ್ಚೇನೂ ಇಲ್ಲ.

ಮೊದಲು ಒಂದು ವಹಿ ಇಡಿ

ಇಪ್ಪತ್ತು-ಮೂವತ್ತು ರೂಪಾಯಿಯ ಗೆರೆ ಹಾಕಿದ ನೋಟ್‌ಬುಕ್ ಸಾಕು. ಕಷ್ಟದಲ್ಲಿರುವ ಪ್ರತಿ ಮನೆಗೆ ಒಂದು ಪುಟ. ಪುಟದಲ್ಲಿ ಮೂರೇ ಕಾಲಮ್: ಯಾವ ದಿನ, ಯಾರು, ಏನು. "ಬುಧವಾರ, ಇಂಥವರು, ರಾತ್ರಿ ಊಟ." "ಶುಕ್ರವಾರ, ಇಂಥವರು, ರಾತ್ರಿ ಆಸ್ಪತ್ರೆಯಲ್ಲಿ ಮಲಗುವುದು." ಕೆಲಸ ಆದ ಮೇಲೆ ಒಂದು ಸರಿ ಗುರುತು. ರೋಗದ ಹೆಸರು, ಮನೆಯ ಜಗಳ, ಸಾಲದ ಮೊತ್ತ ಯಾವುದನ್ನೂ ಅದರಲ್ಲಿ ಬರೆಯಬೇಡಿ. ವಹಿ ಯಾರ ಕೈಗಾದರೂ ಸಿಕ್ಕೀತು.

ವಹಿ ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳು, ಒಬ್ಬ ಗಂಡಸು ಇರಲಿ. ಅಯ್ಯನವರ ಮನೆಯವರು ಬೇಡ, ಅವರಿಗೆ ಈಗಾಗಲೇ ಹೊರೆ ಜಾಸ್ತಿ. ಖಜಾಂಚಿಯೂ ಬೇಡ, ಯಾಕೆಂದರೆ ದುಡ್ಡು ಕೇಳುವ ಅಂಜಿಕೆಗೆ ಜನ ಬಾಯಿ ಬಿಡುವುದಿಲ್ಲ. ಯಾರ ಮಾತು ಕಡಿಮೆಯೋ, ಯಾರು ಹೇಳಿದ ಹೊತ್ತಿಗೆ ಬರುತ್ತಾರೋ ಅಂಥವರನ್ನು ಆರಿಸಿ.

ವಾಟ್ಸಾಪ್ ಗುಂಪು ಇದ್ದರೆ ಸಾಲದೇ ಎಂದು ಯುವಜನ ಕೂಟದವರು ಕೇಳುತ್ತಾರೆ. ನಮ್ಮ ಅನುಭವ ಬೇರೆ. ಗುಂಪಿನಲ್ಲಿ ಒಂದು ಸುದ್ದಿ ಹಾಕಿದರೆ ನಲವತ್ತು ಮಂದಿ ಕೈ ಮುಗಿದ ಚಿತ್ರ ಹಾಕುತ್ತಾರೆ. ಅಲ್ಲಿಗೆ ಎಲ್ಲರ ಮನಸ್ಸಿಗೂ ಏನೋ ಮಾಡಿದ ಸಮಾಧಾನ ಆಗಿಬಿಡುತ್ತದೆ. ವಹಿಯಲ್ಲಿ ಹೆಸರು ಬರೆದವರು ಮಾತ್ರ ಮರೆಯುವುದಿಲ್ಲ. ಬಟ್ಟೆ ಇಲ್ಲದವನಿಗೆ, ಊಟ ಇಲ್ಲದವನಿಗೆ ಬರೀ "ಬೆಚ್ಚಗಿರು, ಹೊಟ್ಟೆ ತುಂಬಿಸಿಕೋ" ಎಂದು ಹೇಳಿ ಕಳಿಸಿದರೆ ಏನು ಪ್ರಯೋಜನ ಎಂದು ಯಾಕೋಬನು ಬೈಬಲಿನಲ್ಲಿರುವ ತನ್ನ ಪತ್ರಿಕೆಯ 2ನೇ ಅಧ್ಯಾಯದಲ್ಲಿ ಕೇಳುವುದು ಇದನ್ನೇ ಅಲ್ವಾ?

ಕೇಳುವ ರೀತಿ ಬದಲಿಸಿ

"ಏನಾದರೂ ಬೇಕಾದರೆ ಹೇಳ್ರಿ" ಎಂದು ನಾವೆಲ್ಲ ಹೇಳುತ್ತೇವೆ. ಮನಸ್ಸಿನಿಂದಲೇ ಹೇಳುತ್ತೇವೆ. ಆದರೆ ಕಷ್ಟದಲ್ಲಿರುವವರು ಬಾಯಿ ಬಿಟ್ಟು ಕೇಳುವುದಿಲ್ಲ. ಕೇಳಲು ನಾಚಿಕೆ. ಏನು ಬೇಕು ಎಂದು ಯೋಚಿಸುವ ತ್ರಾಣವೂ ಆಗ ಇರುವುದಿಲ್ಲ.

ಅದರ ಬದಲು ಹೀಗೆ ಹೇಳಿ: "ಬುಧವಾರ ಸಂಜೀಗೆ ಊಟ ನಾ ತರ್ತೀನ್ರಿ. ಎಷ್ಟು ಮಂದಿಗೆ ಬೇಕು?" ಅಥವಾ, "ನಾಳೆ ಮುಂಜಾನೆ ಸಂತಿಗೆ ಹೊಂಟೀನಿ, ನಿಮ್ಮ ಚೀಲ ಕೊಡ್ರಿ." ದಿನ ಹೇಳಿ, ಕೆಲಸ ಹೇಳಿ. ಬೇಡ ಎನ್ನುವುದಿದ್ದರೆ ಅವರು ಬೇಡ ಎನ್ನುತ್ತಾರೆ. ಒಂದು ಸಲ ಬೇಡ ಎಂದರೆ ಬೇಸರ ಮಾಡಿಕೊಳ್ಳದೆ ಮುಂದಿನ ವಾರ ಮತ್ತೆ ಕೇಳಿ. ನಮ್ಮ ಅವ್ವನಂಥವರು ಮೊದಲ ಸಲ ಖಂಡಿತ ಬೇಡ ಎನ್ನುತ್ತಾರೆ.

ಮಂಚಕ್ಕೆ ನಾಲ್ಕು ಮೂಲೆ

ಕಪೆರ್ನೌಮಿನಲ್ಲಿ ಒಬ್ಬ ಪಾರ್ಶ್ವವಾಯು ರೋಗಿಯನ್ನು ನಾಲ್ಕು ಮಂದಿ ಹೊತ್ತು ತಂದರು. ಜನ ಕಿಕ್ಕಿರಿದಿದ್ದಾಗ ಛಾವಣಿ ತೆಗೆದು ಅವನನ್ನು ಯೇಸುವಿನ ಮುಂದೆ ಇಳಿಸಿದರು. ಸಂಡೇ ಸ್ಕೂಲಿನಲ್ಲಿ ನಾವೆಲ್ಲ ಕೇಳಿದ ಕಥೆ ಇದು. ನಾವು ಅದರಿಂದ ಕಲಿತದ್ದು ಆ ನಾಲ್ಕು ಎಂಬ ಸಂಖ್ಯೆಯನ್ನು. ಒಬ್ಬರೇ ಹೊತ್ತರೆ ಮಂಚ ವಾಲುತ್ತದೆ. ನಲವತ್ತು ಮಂದಿ ಕೈ ಹಾಕಿದರೆ ಮಂಚ ಅಲುಗುವುದೇ ಇಲ್ಲ. ಅದಕ್ಕೆ ಕಾಯಿಲೆ ಬಿದ್ದ ಒಂದೊಂದು ಮನೆಗೂ ನಾವು ನಾಲ್ವರನ್ನು ಗೊತ್ತು ಮಾಡುತ್ತೇವೆ. ಎಲ್ಲ ಕೆಲಸವನ್ನೂ ಅವರೇ ಮಾಡಬೇಕಾಗಿಲ್ಲ. ತಮ್ಮ ಮೂಲೆಯ ಕೆಲಸ ನಡೆಯುತ್ತಿದೆಯೇ ಎಂದು ನೋಡಿಕೊಂಡರೆ ಆಯಿತು.

ಒಂದು ಮೂಲೆ ಊಟ. ಇಲ್ಲಿ ಒಂದು ಮಾತು. ಹಣ್ಣು ಬೇಡ, ಬುತ್ತಿ ಬೇಕು. ರೋಗಿಗೆ ಆಸ್ಪತ್ರೆಯಲ್ಲಿ ಏನೋ ಒಂದು ಸಿಗುತ್ತದೆ, ಜೊತೆಗಿರುವವರು ಉಪವಾಸ ಬೀಳುತ್ತಾರೆ. ಜೋಳದ ರೊಟ್ಟಿ, ಪಲ್ಯ, ಮೊಸರು ಕಳಿಸಿ. ದೂರದ ಹಳ್ಳಿಯವರಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಟ್ಟರೆ ವಾರಗಟ್ಟಲೆ ಇರುತ್ತದೆ. ಸಕ್ಕರೆ ಕಾಯಿಲೆ ಯಾರಿಗಿದೆ, ಖಾರ ಯಾರಿಗೆ ಆಗುವುದಿಲ್ಲ ಎಂದು ಮೊದಲೇ ಕೇಳಿ. ಡಬ್ಬಿಯ ತಳಕ್ಕೆ ನಿಮ್ಮ ಹೆಸರಿನ ಚೀಟಿ ಅಂಟಿಸಿ, ಇಲ್ಲದಿದ್ದರೆ ಡಬ್ಬಿ ವಾಪಸ್ ಕೊಡುವ ಚಿಂತೆಯೇ ಆ ಮನೆಗೆ ಇನ್ನೊಂದು ಹೊರೆ. ಮೊದಲ ವಾರ ಊಟ ತರುವವರು ತಾವಾಗಿಯೇ ಬರುತ್ತಾರೆ. ಊಟದ ಮೂಲೆಯವರ ನಿಜವಾದ ಕೆಲಸ ಶುರುವಾಗುವುದು ಮೂರನೇ ವಾರ. ಹಾಗಾಗಿ ವಹಿಯಲ್ಲಿ ಹೆಸರು ಬರೆಸುವಾಗ ಮೂರನೇ ವಾರದ ಸಾಲುಗಳನ್ನೇ ಮೊದಲು ತುಂಬಿಸಿ.

ಎರಡನೇ ಮೂಲೆ ಆಸ್ಪತ್ರೆ. ರೋಗಿಯ ಜೊತೆಗಿರುವವರಿಗೆ ಒಂದು ರಾತ್ರಿ ನಿದ್ದೆ ಸಿಕ್ಕರೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಒಬ್ಬರು ಕೂತರೆ ಅವರು ಮನೆಗೆ ಹೋಗಿ ಸ್ನಾನ ಮಾಡಿ ಮಲಗಬಹುದು. ಗದಗ, ಹಾವೇರಿ ಜಿಲ್ಲೆಯ ಹಳ್ಳಿಗಳಿಂದ ದೊಡ್ಡ ಕಾಯಿಲೆಗೆ ಹುಬ್ಬಳ್ಳಿಯ ಕಿಮ್ಸ್ ಸರ್ಕಾರಿ ಆಸ್ಪತ್ರೆಗೆ (ಈಗ ಕೆಎಂಸಿಆರ್‌ಐ) ಬರುವವರು ಬಹಳ. ಅವರಿಗೆ ಇಲ್ಲಿ ಯಾರೂ ಗೊತ್ತಿರುವುದಿಲ್ಲ. ಹಳ್ಳಿ ಸಭೆಯ ಅಯ್ಯನವರು ಹುಬ್ಬಳ್ಳಿಯ ಒಂದು ಸಭೆಗೆ ಫೋನ್ ಮಾಡಿ ಹೇಳಿದರೆ ಸಾಕು, ಒಬ್ಬರು ಹೋಗಿ ಮಾತಾಡಿಸಬಹುದು. ಸ್ನಾನಕ್ಕೆ ಮನೆಗೆ ಕರೆಯಬಹುದು, ಬಟ್ಟೆ ಒಗೆಸಿಕೊಡಬಹುದು. ಹುಬ್ಬಳ್ಳಿ-ಧಾರವಾಡದ ಸಭೆಯವರಿಗೆ ನನ್ನ ವಿನಂತಿ ಇದು: ಹಳ್ಳಿ ಸಭೆಗಳಿಗೆ ನಿಮ್ಮದೊಂದು ನಂಬರ್ ಕೊಟ್ಟಿಡಿ.

ರಕ್ತ ಬೇಕಾದಾಗ ರಾತ್ರೋರಾತ್ರಿ ಹುಡುಕಬಾರದು. ವಹಿಯ ಕೊನೆಯ ಪುಟದಲ್ಲಿ ಯಾರ ರಕ್ತ ಯಾವ ಗುಂಪು ಎಂದು ಬರೆದಿಡಿ. 18ರಿಂದ 65 ವಯಸ್ಸಿನೊಳಗಿನ, 45 ಕೆ.ಜಿ.ಗಿಂತ ಕಡಿಮೆ ಇಲ್ಲದ ಆರೋಗ್ಯವಂತರು ರಕ್ತ ಕೊಡಬಹುದು. ಒಮ್ಮೆ ಕೊಟ್ಟ ಮೇಲೆ ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಬಿಟ್ಟು ಮತ್ತೆ ಕೊಡಬಹುದು.

ಮೂರನೇ ಮೂಲೆ ಕಾಗದಪತ್ರ. ಇದನ್ನು ಜನ ಮರೆಯುತ್ತಾರೆ. ಸಾವಿರ ರೂಪಾಯಿ ಲಕೋಟೆಗಿಂತ ಕಾಗದಪತ್ರ ಗೊತ್ತಿರುವ ಒಬ್ಬ ಹುಡುಗ ಹೆಚ್ಚು ಉಪಯೋಗಕ್ಕೆ ಬರುತ್ತಾನೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಯೋಜನೆಯ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ ಸಿಗುತ್ತದೆ. ಆಧಾರ್, ರೇಷನ್ ಕಾರ್ಡ್ ಬೇಕು. ಬಹಳಷ್ಟು ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ತುರ್ತು ಇದ್ದಾಗ ಅದಕ್ಕೆ ಕಾಯಬೇಕಾಗಿಲ್ಲ. ಯೋಜನೆಯಲ್ಲಿರುವ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ಮುಂಗಡ ದುಡ್ಡು ಕಟ್ಟುವ ಮೊದಲೇ ಅವರನ್ನು ಹುಡುಕಿ ಕೇಳಿ. ನಮಗೆ ಅಪ್ಪನ ಸಲ ಇದನ್ನು ಹೇಳುವವರು ಯಾರೂ ಇರಲಿಲ್ಲ. ಗೊತ್ತಾಗುವ ಹೊತ್ತಿಗೆ ಅವ್ವನ ಬಳೆ ಒತ್ತೆ ಬಿದ್ದಿದ್ದವು.

ನಾಲ್ಕನೇ ಮೂಲೆ ಮನೆ. ಮಕ್ಕಳನ್ನು ಶಾಲೆಗೆ ಕಳಿಸುವುದು, ಮನೆಯಲ್ಲಿ ಉಳಿದ ಅಜ್ಜಿಗೆ ಗುಳಿಗೆ ಕೊಡುವುದು, ಎಮ್ಮೆಗೆ ಹುಲ್ಲು ಹಾಕುವುದು. ಹಳ್ಳಿಯಲ್ಲಾದರೆ ಹೊಲ ದೊಡ್ಡ ಮಾತು. ಬಿತ್ತುವ ಹೊತ್ತಿಗೆ ಮನೆಯ ಯಜಮಾನ ಮಲಗಿದರೆ, ಹದ ತಪ್ಪಿ ಆ ವರ್ಷವೇ ಹೋಗುತ್ತದೆ. ಮುಂಗಾರಿಗೆ ಹೆಸರು ಬಿತ್ತುವ ಹೊಲವೋ, ಹಿಂಗಾರಿಗೆ ಕಡಲೆ ಬಿತ್ತುವ ಹೊಲವೋ, ನಾಲ್ಕು ಮಂದಿ ಎತ್ತು ಅಥವಾ ಟ್ರ್ಯಾಕ್ಟರ್ ತಗೊಂಡು ಹೋದರೆ ಒಂದೆರಡು ದಿನದ ಕೆಲಸ. ಬ್ಯಾಡಗಿ ಕಡೆ ಮೆಣಸಿನಕಾಯಿ ಹರಿಯುವ ಹೊತ್ತಿನಲ್ಲಿ ಕಾಯಿಲೆ ಬಂದರೂ ಹಾಗೆಯೇ. ಬೆಳೆ ಗಿಡದಲ್ಲೇ ಕೆಟ್ಟರೆ ಆಸ್ಪತ್ರೆ ಬಿಲ್ಲಿಗಿಂತ ದೊಡ್ಡ ಪೆಟ್ಟು ಬೀಳುತ್ತದೆ.

ಮುಯ್ಯಿ ಲೆಕ್ಕದಾಚೆ ಇರುವವರನ್ನು ಹುಡುಕಿ

ನಮ್ಮ ಭಾಗದಲ್ಲಿ ಮುಯ್ಯಿ ಗೊತ್ತಿಲ್ಲದವರಿಲ್ಲ. ನನ್ನ ಹೊಲಕ್ಕೆ ನೀನು ಒಂದು ದಿನ ಬಾ, ನಿನ್ನ ಹೊಲಕ್ಕೆ ನಾನು ಒಂದು ದಿನ ಬರುತ್ತೇನೆ. ಮದುವೆಯಲ್ಲಿ ನೀನು ಆಯೇರಿ ಮಾಡು, ನಿನ್ನ ಮನೆಯ ಮದುವೆಯಲ್ಲಿ ನಾನು ಮಾಡುತ್ತೇನೆ. ಒಳ್ಳೆಯ ಪದ್ಧತಿಯೇ. ಇದರಿಂದಲೇ ಎಷ್ಟೋ ಬಡವರ ಸಂಸಾರ ನಡೆದಿದೆ. ಆದರೆ ತಿರುಗಿ ಮುಯ್ಯಿ ಮಾಡಲು ಕೈಲಾಗದವರು ಇದರಿಂದ ಹೊರಗೆ ಉಳಿಯುತ್ತಾರೆ. ಗಂಡು ದಿಕ್ಕಿಲ್ಲದ ವಿಧವೆ, ಮಕ್ಕಳು ಬೆಂಗಳೂರು ಸೇರಿದ ಮುದುಕರು, ಹೋದ ವರ್ಷವಷ್ಟೇ ದೀಕ್ಷಾಸ್ನಾನ ಪಡೆದ ಒಂಟಿ ಹುಡುಗ.

ನಮ್ಮ ಸಭೆಗಳ ಚರಿತ್ರೆಯೂ ಇದಕ್ಕೆ ಒಂದು ಕಾರಣ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ಕೆಲಸ ಶುರು ಮಾಡಿದರು. ಆ ಕಾಲದಲ್ಲಿ ಕ್ರೈಸ್ತರಾದವರಲ್ಲಿ ಎಷ್ಟೋ ಮಂದಿಗೆ ಮನೆಯವರೂ ಹೋದರು, ಕಸುಬೂ ಹೋಯಿತು. ಸಭೆಯೇ ಅವರ ಬಳಗವಾಯಿತು. ಆ ಹಳೆಯ ಮನೆತನಗಳು ಇವತ್ತಿಗೂ ಬೀಗರು, ನೆಂಟರು ಎಂದು ಹೆಣೆದುಕೊಂಡಿವೆ. ಒಬ್ಬರಿಗೆ ಕಷ್ಟ ಬಂದರೆ ಹತ್ತು ಮನೆ ಓಡುತ್ತವೆ. ಅದು ನಮ್ಮ ಪುಣ್ಯ. ಆದರೆ ಆ ಹೆಣಿಗೆಯೊಳಗೆ ಇಲ್ಲದವರು ಹಿಂದಿನ ಬೆಂಚಿನಲ್ಲಿ ಕೂತು ಹಾಗೆಯೇ ಎದ್ದು ಹೋಗುತ್ತಾರೆ.

ಹುಬ್ಬಳ್ಳಿಯಲ್ಲಿ ರೈಲ್ವೆ ಕೆಲಸಕ್ಕೆ ಬಂದ ತಮಿಳು, ತೆಲುಗು ಮನೆಗಳಿವೆ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ, ಕರ್ನಾಟಕ ವಿಶ್ವವಿದ್ಯಾಲಯ, ಐಐಟಿಗೆ ಬಂದು ಹಾಸ್ಟೆಲಿನಲ್ಲಿರುವ ಮಕ್ಕಳಿದ್ದಾರೆ. ಕನ್ನಡ ಸರಿಯಾಗಿ ಬಾರದವರಿಗೆ ಕಷ್ಟ ಹೇಳಿಕೊಳ್ಳುವುದು ಇನ್ನೂ ಕಷ್ಟ.

ಯೆರೂಸಲೇಮಿನ ಮೊದಲ ಸಭೆಯಲ್ಲೂ ಇದೇ ಆಗಿತ್ತು. ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಡುತ್ತಿದ್ದಾರೆ ಎಂದು ದೂರು ಬಂತು. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಲ್ಲಿ ಓದಿ ನೋಡಿ. ಅಪೊಸ್ತಲರು ದೂರು ಕೊಟ್ಟವರನ್ನು ಬೈಯಲಿಲ್ಲ. ಏಳು ಮಂದಿಯನ್ನು ಆರಿಸಲು ಹೇಳಿದರು. ಆ ಏಳು ಹೆಸರುಗಳನ್ನು ಗಮನಿಸಿ: ಸ್ತೆಫನ, ಫಿಲಿಪ್ಪ ಮೊದಲಾಗಿ ಏಳೂ ಗ್ರೀಕ್ ಹೆಸರುಗಳೇ. ಯಾರನ್ನು ಬಿಟ್ಟಿದ್ದರೋ ಆ ಗುಂಪಿನವರ ಕೈಗೇ ಊಟ ಹಂಚುವ ಜವಾಬ್ದಾರಿ ಕೊಟ್ಟಂತೆ ನನಗೆ ಕಾಣುತ್ತದೆ. ನೀವೂ ಹಾಗೆಯೇ ಮಾಡಿ. ನಾಲ್ವರಲ್ಲಿ ಒಬ್ಬರಾದರೂ ಹೊಸಬರಿರಲಿ. ತೆಲುಗು ಮನೆಯ ಅಕ್ಕ ವಹಿ ಹಿಡಿದರೆ ತೆಲುಗು ಮನೆಗಳ ಕಷ್ಟ ತಾನಾಗಿ ವಹಿಗೆ ಬರುತ್ತದೆ.

ಇನ್ನೊಂದು ಸುಲಭದ ನಿಯಮ. ಯಾರಾದರೂ ಮೂರು ರವಿವಾರ ಆರಾಧನೆಗೆ ಬರದಿದ್ದರೆ ಇಬ್ಬರು ಅವರ ಮನೆಗೆ ಹೋಗಬೇಕು. "ಯಾಕ ಬಂದಿಲ್ರಿ" ಎಂದು ಕೇಳಬಾರದು. "ನಿಮ್ಮನ್ನ ನೋಡ್ಬೇಕನ್ನಿಸ್ತು, ಬಂದ್ವಿ" ಎಂದರೆ ಸಾಕು. ಒಬ್ಬರೇ ಹೋಗುವುದು ಬೇಡ. ಕಥೋಲಿಕರಲ್ಲಿ ಸಂತ ವಿನ್ಸೆಂಟ್ ಡಿ ಪಾಲ್ ಸಂಘ ಎಂದಿದೆ, 1833ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದದ್ದು. ಅವರು ಬಡವರ ಮನೆಗೆ ಇಬ್ಬಿಬ್ಬರಾಗಿ ಹೋಗುವ ರೂಢಿ ಇಟ್ಟುಕೊಂಡಿದ್ದಾರೆ. ಇಬ್ಬರಿದ್ದರೆ ಮಾತಿಗೂ ಅನುಕೂಲ, ಊರವರ ಬಾಯಿಗೂ ಅವಕಾಶ ಇಲ್ಲ.

ಮುದುಕರನ್ನು ಆರಾಧನೆಗೆ ಕರೆತರುವ ಪಾಳಿಯೂ ವಹಿಯಲ್ಲಿರಲಿ. ಹುಬ್ಬಳ್ಳಿ-ಧಾರವಾಡದ ನಡುವಿನ ಚಿಗರಿ ಬಸ್ಸಿನಲ್ಲಿ ಒಬ್ಬರೇ ಹತ್ತಿ ಇಳಿಯಲು ಅಂಜುವ ಅಜ್ಜಿಗೆ ಜೊತೆಗೊಬ್ಬ ಹುಡುಗಿ ಇದ್ದರೆ ಬರುತ್ತಾಳೆ.

ಪ್ರಾರ್ಥನೆ ವಿಷಯ ಸುದ್ದಿಯಾಗದಿರಲಿ

ಇದನ್ನು ಬರೆಯಲು ನನಗೆ ಕಷ್ಟವಾಗುತ್ತದೆ, ಆದರೆ ಬರೆಯಲೇಬೇಕು. ನಮ್ಮ ಸಭೆಗಳಲ್ಲಿ ಬಹಳ ಜನ ಕಷ್ಟ ಮುಚ್ಚಿಡುವುದು ಬೇರೆಯವರ ಬಾಯಿಗೆ ಅಂಜಿ. ಮಗಳ ಮದುವೆ ಮುರಿದದ್ದು, ಮಗ ಕುಡಿಯುವುದು, ಕ್ಯಾನ್ಸರ್ ಎಂದು ಗೊತ್ತಾದದ್ದು ಪ್ರಾರ್ಥನೆಯ ಹೆಸರಿನಲ್ಲಿ ಮನೆ ಮನೆಗೆ ಹೋಗುತ್ತವೆ. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಕ್ಕಿಲ್ಲ. ಆದರೆ ಒಮ್ಮೆ ಹಾಗೆ ಸುಟ್ಟುಕೊಂಡವರು ಮತ್ತೆ ಬಾಯಿ ಬಿಡುವುದಿಲ್ಲ.

ಯಾರಾದರೂ ಕಷ್ಟ ಹೇಳಿಕೊಂಡರೆ ಅಲ್ಲೇ ಕೇಳಿ: "ಇದನ್ನು ಯಾರಿಗೆ ಹೇಳಬಹುದು? ಸಭೆಯಲ್ಲಿ ಹೆಸರು ಹೇಳಿ ಪ್ರಾರ್ಥಿಸಲೇ, ಹೆಸರಿಲ್ಲದೆ ಪ್ರಾರ್ಥಿಸಲೇ, ನಾವಿಬ್ಬರೇ ಪ್ರಾರ್ಥಿಸೋಣವೇ?" ಅವರು ಹೇಳಿದ್ದಕ್ಕಿಂತ ಒಂದು ಹೆಜ್ಜೆಯೂ ಮುಂದೆ ಹೋಗಬೇಡಿ. ನಿಮ್ಮ ಗಂಡನಿಗೂ, ಹೆಂಡತಿಗೂ ಹೇಳಬೇಡಿ. ಆಸ್ಪತ್ರೆಯಲ್ಲಿ ಪೈಪು ಹಾಕಿಕೊಂಡು ಮಲಗಿದವರ ಫೋಟೋ ತೆಗೆದು ಗುಂಪಿಗೆ ಹಾಕುವುದನ್ನು ಇವತ್ತೇ ನಿಲ್ಲಿಸಿ. ಅಪ್ಪನ ಅಂಥ ಒಂದು ಫೋಟೋ ಊರೆಲ್ಲ ತಿರುಗಿತ್ತು. ಗುಣವಾದ ಮೇಲೆ ಅದನ್ನು ನೋಡಿ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ.

ದುಡ್ಡಿನ ಮಾತು

ಕೊಡುವುದಿದ್ದರೆ ಕೊಟ್ಟುಬಿಡಿ, ಸಾಲ ಕೊಡಬೇಡಿ. ಸಾಲ ಕೊಟ್ಟ ಮೇಲೆ ಇಬ್ಬರೂ ಒಂದೇ ಬೆಂಚಿನಲ್ಲಿ ಕೂರಲಾರರು. ಎಷ್ಟೋ ಮನೆಗಳು ಸಭೆ ಬಿಟ್ಟದ್ದು ಐದು-ಹತ್ತು ಸಾವಿರದ ಕೈಸಾಲಕ್ಕೆ.

ಸಭೆಯಿಂದ ಕೊಡುವಾಗ ಇಬ್ಬರು ಎಣಿಸಲಿ, ಇಬ್ಬರು ಹೋಗಿ ಕೊಡಲಿ, ಲೆಕ್ಕ ಪುಸ್ತಕದಲ್ಲಿ ಹೆಸರಿನ ಬದಲು ಒಂದು ನಂಬರ್ ಇರಲಿ. ಕೊಡುವ ಫೋಟೋ ಬೇಡ. ಬೆಳೆಹಬ್ಬದಲ್ಲಿ ಜನ ತಂದ ಜೋಳ, ಕುಂಬಳಕಾಯಿ, ಕೋಳಿ ಎಲ್ಲವನ್ನೂ ಹರಾಜು ಹಾಕುತ್ತೇವೆ. ಅದರಲ್ಲಿ ಎರಡು ಚೀಲ ಕಾಳು ಹರಾಜಿಗೆ ಹಾಕದೆ ತೆಗೆದಿಟ್ಟರೆ ಬೇಸಿಗೆಯಲ್ಲಿ ಕೆಲಸಕ್ಕೆ ಬರುತ್ತದೆ. ಮಿಜೋರಾಂ ಸಭೆಗಳಲ್ಲಿ ಹೆಂಗಸರು ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ಸಭೆಗೆಂದು ತೆಗೆದಿಡುತ್ತಾರೆ. ನಾವು ನಾಲ್ಕು ಮನೆಯವರು ಅದನ್ನೇ ಜೋಳದಲ್ಲಿ ಮಾಡುತ್ತಿದ್ದೇವೆ.

ಕಿರುಸಾಲದ ವಾರದ ಕಂತಿಗೆ ಸಿಕ್ಕಿಬಿದ್ದ ಹೆಣ್ಣುಮಕ್ಕಳು ನಮ್ಮ ಬೆಂಚುಗಳಲ್ಲೂ ಇದ್ದಾರೆ. ವಸೂಲಿಗೆ ಬಂದು ಬೆದರಿಸುವವರನ್ನು ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಅದೇ ವರ್ಷ ಅದು ಕಾಯ್ದೆಯಾಯಿತು. ಪೊಲೀಸರಿಗೆ ದೂರು ಕೊಡಬಹುದು. ಠಾಣೆಗೆ ಜೊತೆಗೆ ಹೋಗುವುದೂ ಸಭೆಯ ಕೆಲಸವೇ. ಮಕ್ಕಳ ಓದಿಗೆ ದುಡ್ಡಿಲ್ಲದಾಗ ಅಲ್ಪಸಂಖ್ಯಾತರಿಗಾಗಿ ರಾಜ್ಯ ಸರ್ಕಾರದ 'ಅರಿವು' ಸಾಲದ ಬಗ್ಗೆ ವಿಚಾರಿಸಿ. ವೃತ್ತಿಪರ ಕೋರ್ಸ್ ಓದುವವರಿಗೆ ಅದು ಇದೆ. ಅರ್ಜಿ ತುಂಬಿಕೊಡಲು ಕಾಗದಪತ್ರದ ಮೂಲೆಯವರು ಇದ್ದೇ ಇದ್ದಾರಲ್ಲ.

ಸಾವು ಬಂದ ಮನೆ

ಮೊದಲ ದಿನ ಕುರ್ಚಿ, ಚಹಾ, ಪೆಟ್ಟಿಗೆ, ಕುಣಿ ತೋಡಿಸುವುದು, ದೂರದವರಿಗೆ ಫೋನ್ ಎಲ್ಲವನ್ನೂ ನಾಲ್ವರೇ ವಹಿಸಿಕೊಳ್ಳಲಿ. ಮನೆಯವರು ಸುಮ್ನೆ ಕೂತು ಅಳಲಿ. 21 ದಿನದೊಳಗೆ ಮರಣ ನೋಂದಣಿ ಮಾಡಿಸಬೇಕು. ಅದನ್ನೂ ಕಾಗದಪತ್ರದವರು ನೆನಪಿಡಲಿ.

"ದೇವರ ಚಿತ್ತ", "ಧೈರ್ಯ ತಗೋ", "ಇನ್ನೂ ಚಿಕ್ಕ ವಯಸ್ಸು, ಮತ್ತೆ ಮಕ್ಕಳಾಗ್ತಾವೆ" ಎಂಬ ಮಾತುಗಳನ್ನು ದಯವಿಟ್ಟು ಬಿಡಿ. ಸತ್ತ ಲಾಜರನನ್ನು ತಿರುಗಿ ಎಬ್ಬಿಸುತ್ತೇನೆಂದು ಗೊತ್ತಿದ್ದ ಯೇಸುವೇ ಅವನ ಸಮಾಧಿಗೆ ಹೋಗುವಾಗ ಅತ್ತನು. ನಾವೂ ಜೊತೆಗೆ ಕೂತು ಅಳಬಹುದು. ಮಾತಾಡಲೇಬೇಕೆಂದರೆ ತೀರಿಕೊಂಡವರ ಹೆಸರು ಹೇಳಿ, ಅವರ ಬಗ್ಗೆ ನಿಮಗೆ ನೆನಪಿರುವ ಒಂದು ಮಾತು ಹೇಳಿ. ತಿಂಗಳಾದ ಮೇಲೆ ಆ ಹೆಸರನ್ನು ಯಾರೂ ಎತ್ತುವುದಿಲ್ಲ, ಅದೇ ಮನೆಯವರಿಗೆ ಬಹಳ ನೋವು.

ವಹಿಯಲ್ಲಿ ತೀರಿಕೊಂಡ ತಾರೀಖು ಬರೆದುಕೊಳ್ಳಿ. ಒಂದು ತಿಂಗಳಿಗೆ, ಮೂರು ತಿಂಗಳಿಗೆ, ಮೊದಲ ಕ್ರಿಸ್ಮಸ್‌ಗೆ, ವರ್ಷದ ದಿನಕ್ಕೆ ಒಬ್ಬೊಬ್ಬರ ಹೆಸರು ಈಗಲೇ ಬರೆದಿಡಿ. ಕ್ಯಾರಲ್ ಹಾಡಲು ಹೋಗುವಾಗ ಆ ಮನೆಯನ್ನು ದಾಟಿ ಹೋಗಬೇಡಿ. ಬೇಕೋ ಬೇಡವೋ ಎಂದು ಮೊದಲೇ ಕೇಳಿ. ಹಾಡು ಬೇಡ ಎಂದರೆ ಒಳಗೆ ಹೋಗಿ ಸ್ವಲ್ಪ ಹೊತ್ತು ಕೂತು ಬನ್ನಿ.

ಪ್ರಾರ್ಥನೆಯ ಜೊತೆಗೆ ಬೇರೆ ನೆರವೂ ಬೇಕಾದಾಗ

ಗಂಡನ ಹೊಡೆತ ತಿಂದು ಬಂದವಳಿಗೆ "ತಾಳ್ಕೋ, ಪ್ರಾರ್ಥನೆ ಮಾಡು" ಎಂದು ಹೇಳಿ ವಾಪಸ್ ಕಳಿಸಬೇಡಿ. ಮೊದಲು ಅವಳು, ಮಕ್ಕಳು ಆ ರಾತ್ರಿ ಎಲ್ಲಿ ಮಲಗುತ್ತಾರೆ ನೋಡಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಮಕ್ಕಳಿಗೆ 1098. ನಿದ್ದೆ ಇಲ್ಲದವರು, ಬದುಕು ಸಾಕೆನಿಸಿದೆ ಎನ್ನುವವರು ಇದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತದೆ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿಗೆ ಹೋದರೆ ನಂಬಿಕೆ ಕಡಿಮೆ ಎಂದು ಹೇಳುವವರ ಮಾತು ಕೇಳಬೇಡಿ. ಜ್ವರಕ್ಕೆ ಗುಳಿಗೆ ತಗೊಂಡರೆ ಯಾರೂ ಹಾಗೆ ಹೇಳುವುದಿಲ್ಲ.

ಈ ನಂಬರುಗಳನ್ನು ಚರ್ಚಿನ ಬಾಗಿಲ ಹತ್ತಿರ, ಹೆಂಗಸರ ಶೌಚಾಲಯದ ಒಳಗಡೆ ಅಂಟಿಸಿ. ಅಲ್ಲಾದರೆ ಯಾರ ಕಣ್ಣಿಗೂ ಬೀಳದೆ ಬರೆದುಕೊಳ್ಳಬಹುದು.

ಅಯ್ಯನವರ ಮನೆಯಲ್ಲೂ ಕಾಯಿಲೆ ಬರುತ್ತದೆ. ಅವರಿಗೂ ಒಂದು ಪುಟ ಇರಲಿ. ವರ್ಗವಾಗಿ ಬಂದ ಹೊಸ ಊರಿನಲ್ಲಿ ಅವರ ಹೆಂಡತಿಗೆ ಗೆಳತಿಯರೇ ಇರುವುದಿಲ್ಲ.

ಯಾವಾಗ ಕಡಿಮೆ ಮಾಡಬೇಕು

ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯದಲ್ಲಿ ಎರಡನೇ ವಚನ ಒಬ್ಬರ ಭಾರವನ್ನು ಒಬ್ಬರು ಹೊರಬೇಕು ಎನ್ನುತ್ತದೆ. ಐದನೇ ವಚನ ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕು ಎನ್ನುತ್ತದೆ. ಚಿಕ್ಕವಳಿದ್ದಾಗ ಇದು ನನಗೆ ತಿಳಿಯುತ್ತಿರಲಿಲ್ಲ. ಅಪ್ಪನ ಕಾಯಿಲೆಯ ನಂತರ ಸ್ವಲ್ಪ ತಿಳಿಯಿತು. ಅಪ್ಪ ಎದ್ದು ನಡೆಯಲು ಶುರು ಮಾಡಿದ ಮೇಲೆ ತನ್ನ ಅಂಗಡಿಗೆ ತಾನೇ ಹೋಗಬೇಕೆಂದು ಹಟ ಮಾಡಿದರು. ನಾವು ಬಿಟ್ಟೆವು. ಅದು ಅವರ ಹೊರೆ, ಅದನ್ನು ಹೊತ್ತರೇ ಅವರಿಗೆ ಜೀವ.

ಹಾಗಾಗಿ ಆರು ವಾರಕ್ಕೊಮ್ಮೆ ಆ ಮನೆಯವರ ಜೊತೆ ಕೂತು ಕೇಳಿ: ಊಟ ಇನ್ನೂ ಬೇಕೇ, ವಾರಕ್ಕೆ ಎರಡು ದಿನ ಸಾಕೇ? ರಾತ್ರಿ ಪಾಳಿ ನಿಲ್ಲಿಸಬಹುದೇ? ಒಮ್ಮೆಲೇ ನಿಲ್ಲಿಸಬೇಡಿ, ಸ್ವಲ್ಪ ಸ್ವಲ್ಪವಾಗಿ ಇಳಿಸಿ. ಅದೇ ಹೊತ್ತಿಗೆ ನಾಲ್ವರಲ್ಲಿ ಇಬ್ಬರನ್ನು ಬದಲಿಸಿ. ಹೊತ್ತವರೂ ದಣಿದಿರುತ್ತಾರೆ, ಹೇಳುವುದಿಲ್ಲ ಅಷ್ಟೇ. ಚೇತರಿಸಿಕೊಂಡ ಮನೆಯವರು "ನಾವೂ ಏನಾದರೂ ಮಾಡ್ತೀವ್ರಿ" ಎಂದರೆ ಬೇಡ ಎನ್ನಬೇಡಿ. ನಮ್ಮ ಅವ್ವ ಈಗ ಊಟದ ಮೂಲೆಯಲ್ಲಿದ್ದಾಳೆ. ವಹಿಯಲ್ಲಿ ಯಾವ ಮನೆಯ ಪುಟ ತೆರೆದರೂ ಮೂರನೇ ವಾರದ ಸಾಲಿನಲ್ಲಿ ತನ್ನ ಹೆಸರನ್ನೇ ಮೊದಲು ಬರೆಸುತ್ತಾಳೆ.

ಶುರು ಮಾಡಲು ಕಮಿಟಿ ಬೇಡ, ನಿರ್ಣಯ ಬೇಡ. ಬರುವ ರವಿವಾರ ಆರಾಧನೆ ಮುಗಿದ ಮೇಲೆ ಇಬ್ಬರು ಹತ್ತು ನಿಮಿಷ ಹಿಂದೆ ಉಳಿಯಿರಿ. ಬೆಂಚುಗಳನ್ನು ನೋಡುತ್ತಾ, ಅಲ್ಲಿ ಯಾರು ಕೂರುತ್ತಿದ್ದರು, ಈಚೆಗೆ ಯಾರು ಕಾಣುತ್ತಿಲ್ಲ ಎಂದು ನೆನಪು ಮಾಡಿಕೊಳ್ಳಿ. ಆ ಹೆಸರುಗಳನ್ನು ವಹಿಯ ಮೊದಲ ಪುಟದಲ್ಲಿ ಬರೆಯಿರಿ. ಅದರಲ್ಲಿ ಒಂದು ಮನೆಗೆ ಅವತ್ತೇ ಸಂಜೆ ಹೋಗಿ. ಕೈಯಲ್ಲಿ ಬಿಸಿ ರೊಟ್ಟಿ ಇರಲಿ.